ಗೂಗಲ್ ಡಾಕ್ಸ್: ಕನ್ನಡದಲ್ಲಿ ಬರೆದು ಬದುಕುವವರಿಗೆ ಎಷ್ಟು ಆಗಿಬರುತ್ತದೆ?

ಮೊದಲೇ ಹೇಳಿಬಿಡುತ್ತೇನೆ. ಅನುವಾದ, ಅಂಕಣ, ಸ್ಕ್ರಿಪ್ಟು, ಕರಡು ತಿದ್ದುವುದು ಅಂತ ನಾಲ್ಕಾರು ಕಡೆಯ ಕೆಲಸ ಒಟ್ಟಿಗೆ ಹಿಡಿದುಕೊಂಡು ಮನೆಯಿಂದಲೇ ಬರೆದು ಬದುಕುವ ಕನ್ನಡದವರಿಗೆ, ಪುಕ್ಕಟೆ ಸಿಗುವ ಸಾಧನಗಳಲ್ಲಿ, ಬ್ರೌಸರಿನಲ್ಲೇ ಬರೆದು ತಿದ್ದಿ ಹಂಚಿಕೊಳ್ಳಲು ಬರುವ ಗೂಗಲ್ ಡಾಕ್ಸ್‌ಗಿಂತ ಒಳ್ಳೆಯದು ನನಗೆ ಕಂಡಿಲ್ಲ. ಆದರೆ ಅದು ಪೂರ್ತಿ ದಾರಿ ಜೊತೆಗೆ ಬರುವುದಿಲ್ಲ. ಬರಹ ನಿಮ್ಮ ಕೈ ಬಿಟ್ಟು ಅಚ್ಚಿಗೆ ಹೋಗುವ ಜಾಗದಲ್ಲಿ ಅದು ನಿಂತುಬಿಡುತ್ತದೆ. ಎರಡನ್ನೂ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದರ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವವರಿಗೆ ನಮ್ಮ ಕಷ್ಟಗಳು ಗೊತ್ತಿರುವುದಿಲ್ಲ.

ಫ್ರೀಲ್ಯಾನ್ಸ್ ಬರಹಗಾರರು ಸೇರಿದಾಗ ಬರುವ ಪ್ರಶ್ನೆ ಒಂದೇ. ಜಾಸ್ತಿ ಬರೆಯುವುದು ಹೇಗೆ, ಬೇಗ ಬರೆಯುವುದು ಹೇಗೆ. ನನಗೆ ಅನಿಸುವುದು ಬೇರೆ. ನಮ್ಮ ಹೊತ್ತು ಹಾಳಾಗುವುದು ಬರೆಯುವುದರಲ್ಲಿ ಅಲ್ಲ, ಬರೆದದ್ದನ್ನು ಮತ್ತೆ ಮತ್ತೆ ಮುಟ್ಟುವುದರಲ್ಲಿ. ಕಳಿಸಿದ ಫೈಲು ಯಾವುದು ಅಂತ ಹುಡುಕುವುದು, 'ಫೈನಲ್' ಸರಿಯೋ 'ಫೈನಲ್ ಹೊಸದು' ಸರಿಯೋ ಅಂತ ಎರಡನ್ನೂ ತೆರೆದು ನೋಡುವುದು, ಸಂಪಾದಕರು ವಾಟ್ಸಾಪಿನಲ್ಲಿ ಕಳಿಸಿದ ತಿದ್ದುಪಡಿಯನ್ನು ಒಂದೊಂದಾಗಿ ಫೈಲಿಗೆ ಇಳಿಸುವುದು, ಹಳೆಯ ಪುಸ್ತಕದ ಒಂದು ಪುಟವನ್ನು ನೋಡಿಕೊಂಡು ಟೈಪು ಮಾಡುವುದು, ಯಾರು ದುಡ್ಡು ಕೊಟ್ಟಿದ್ದಾರೆ ಯಾರು ಕೊಟ್ಟಿಲ್ಲ ಅಂತ ಬ್ಯಾಂಕಿನ ಮೆಸೇಜುಗಳಲ್ಲಿ ಹುಡುಕುವುದು. ಒಂದೇ ಕೆಲಸ ಎರಡೆರಡು ಸಲ. ಇವನ್ನೆಲ್ಲ ಯಾವ ಸಾಧನ ತಪ್ಪಿಸುತ್ತದೋ ಅದೇ ನಮ್ಮನ್ನು ಉಳಿಸುತ್ತದೆ. ಆ ಅಳತೆಯಲ್ಲೇ ನಾನು ಇದನ್ನು ತೂಗಿ ನೋಡುತ್ತಿದ್ದೇನೆ.

ಬಾಯಲ್ಲಿ ಹೇಳಿ ಬರೆಸುವುದರಿಂದ ಶುರು ಮಾಡೋಣ. 2017ರ ಆಗಸ್ಟ್‌ನಲ್ಲಿ ಗೂಗಲ್ ತನ್ನ ಧ್ವನಿ ಗುರುತಿಸುವ ವ್ಯವಸ್ಥೆಗೆ ಭಾರತದ ಇನ್ನೂ ಎಂಟು ಭಾಷೆಗಳನ್ನು ಸೇರಿಸಿತು, ಅದರಲ್ಲಿ ಕನ್ನಡವೂ ಒಂದು. ಡಾಕ್ಸ್‌ನಲ್ಲಿ ಟೂಲ್ಸ್ ಮೆನುವಿಗೆ ಹೋಗಿ ವಾಯ್ಸ್ ಟೈಪಿಂಗ್ ಒತ್ತಿದರೆ ಪಕ್ಕದಲ್ಲಿ ಒಂದು ಮೈಕಿನ ಚಿತ್ರ ಬರುತ್ತದೆ, ಅದರ ಮೇಲೆ ಭಾಷೆಗಳ ಪಟ್ಟಿ ಇರುತ್ತದೆ, ಕನ್ನಡ ಆರಿಸಿ ಮೈಕು ಒತ್ತಿ ಮಾತಾಡುತ್ತಾ ಹೋದರಾಯಿತು. ಕಂಟ್ರೋಲ್, ಶಿಫ್ಟ್, ಎಸ್ ಮೂರೂ ಒಟ್ಟಿಗೆ ಒತ್ತಿದರೂ ಆಗುತ್ತದೆ. ಇದು ಕಂಪ್ಯೂಟರಿನ ಬ್ರೌಸರಿನಲ್ಲಿ ಮಾತ್ರ. ಫೋನಿನಲ್ಲಾದರೆ ಡಾಕ್ಸ್ ಆ್ಯಪ್ ತೆರೆದು ಜಿಬೋರ್ಡ್ ಕೀಲಿಮಣೆಯ ಮೈಕು ಬಳಸಬೇಕು.

ಕನ್ನಡ ಎಷ್ಟು ಚೆನ್ನಾಗಿ ಹಿಡಿಯುತ್ತದೆ? ನಿಜಕ್ಕೂ ಚೆನ್ನಾಗಿ ಹಿಡಿಯುತ್ತದೆ. ತುಸು ನಿಧಾನವಾಗಿ, ಪದದ ಕೊನೆ ನುಂಗದೆ ಹೇಳಿದರೆ ಸಾಲಿಗೆ ಸಾಲು ಸರಿ ಬರುತ್ತದೆ. ಮನೆಯಲ್ಲಿ ಮಾತಾಡುವ ಹಾಗೆ ಅವಸರದಲ್ಲಿ 'ಮಾಡ್ತೀನಿ, ಹೋಗ್ತೀನಿ' ಅಂದರೆ ಅದೂ ಸಾಕಷ್ಟು ಹಾಗೇ ಬರುತ್ತದೆ, ಆಮೇಲೆ ತಿದ್ದಿಕೊಳ್ಳಬೇಕು. ಅಲ್ಪಪ್ರಾಣ ಮಹಾಪ್ರಾಣ ಅಲ್ಲಲ್ಲಿ ಅದಲುಬದಲಾಗುತ್ತವೆ. ಊರಿನ ಹೆಸರು, ಮನೆತನದ ಹೆಸರು ಬಂದರೆ ಕಣ್ಣಿಟ್ಟು ನೋಡಬೇಕು. ಮಾತಿನ ನಡುವೆ ಇಂಗ್ಲಿಷ್ ಪದ ಬಂದಾಗಲೂ ಅಷ್ಟೇ.

ದೊಡ್ಡ ಕೊರತೆ ಇರುವುದು ಪೂರ್ಣವಿರಾಮದಲ್ಲಿ. ಇಂಗ್ಲಿಷಿನಲ್ಲಿ ಬರೆಸುವವರು 'ಫುಲ್‌ಸ್ಟಾಪ್, ಕಾಮಾ, ನ್ಯೂ ಪ್ಯಾರಾಗ್ರಾಫ್' ಅಂತ ಬಾಯಲ್ಲೇ ಹೇಳಿ ಹಾಕಿಸಬಹುದು. ಇನ್ನು ಕೆಲವು ಯುರೋಪಿನ ಭಾಷೆಗಳಲ್ಲೂ ಚಿಹ್ನೆಗಳು ಬರುತ್ತವೆ. ಕನ್ನಡದಲ್ಲಿ ಆ ಸೌಲಭ್ಯ ಇಲ್ಲ. ಹಾಗಾಗಿ ಹೇಳಿ ಮುಗಿಸಿದ ಮೇಲೆ ಎದುರಿಗೆ ನಿಲ್ಲುವುದು ವಿರಾಮವೇ ಇಲ್ಲದ ಒಂದು ಉದ್ದನೆಯ ಗದ್ಯ. ನಾನು ಇದಕ್ಕೆ ಒಂದು ಕ್ರಮ ಮಾಡಿಕೊಂಡಿದ್ದೇನೆ. ಒಂದು ವಾಕ್ಯ ಹೇಳಿ, ಬೆರಳಲ್ಲಿ ಚುಕ್ಕಿ ಒತ್ತಿ, ಮುಂದಿನ ವಾಕ್ಯ ಹೇಳುವುದು. ಮೊದಮೊದಲು ಕಿರಿಕಿರಿ. ಆಮೇಲೆ ಅಭ್ಯಾಸವಾಗುತ್ತದೆ, ಮೇಲಾಗಿ ವಾಕ್ಯಗಳು ಚಿಕ್ಕವಾಗುತ್ತವೆ, ಅದೇನು ಸಣ್ಣ ಲಾಭ ಅಲ್ಲ.

ಯಾವ ಕೆಲಸಕ್ಕೆ ಬಾಯಿ, ಯಾವ ಕೆಲಸಕ್ಕೆ ಕೈ ಅಂತ ಬೇರೆ ಮಾಡಿಕೊಳ್ಳಿ. ಅಂಕಣದ ಮೊದಲ ಕರಡು, ಸಂದರ್ಶನದ ನೆನಪು, ಆಡಿಯೋ ಕಥೆಯ ಸಂಭಾಷಣೆ, ಇವಕ್ಕೆ ಬಾಯಿ ಒಳ್ಳೆಯದು. ಸಂಭಾಷಣೆ ಅಂತೂ ಹೇಳಿ ಬರೆಸಿದರೆ ಕೃತಕ ಅನಿಸುವುದು ಅಲ್ಲೇ ಕಿವಿಗೆ ಹೊಡೆಯುತ್ತದೆ. ಬ್ಯಾಂಕಿನ ಷರತ್ತು, ಔಷಧದ ಕರಪತ್ರ, ಸರ್ಕಾರಿ ಯೋಜನೆಯ ವಿವರ, ಇಂಥ ಅನುವಾದಕ್ಕೆ ಕೈಯೇ ಸರಿ. ಅಲ್ಲಿ ಒಂದೊಂದು ಪದಕ್ಕೂ ನಿಂತು ಯೋಚಿಸಬೇಕು, ಮೈಕು ಅಷ್ಟು ಹೊತ್ತು ಕಾಯುವುದಿಲ್ಲ, ತಾನಾಗಿ ಆರಿಹೋಗುತ್ತದೆ.

ಇಡೀ ಡಾಕ್ಸ್‌ನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ಬೇರೆಯೇ ಒಂದು. ಎಷ್ಟೋ ಬರಹಗಾರರಿಗೆ ಅದು ಇದೆ ಅಂತಲೇ ಗೊತ್ತಿಲ್ಲ. ಹಳೆಯ ಪುಸ್ತಕದ ಪುಟದ ಫೋಟೋ ತೆಗೆಯಿರಿ, ಅಥವಾ ಸ್ಕ್ಯಾನ್ ಮಾಡಿದ ಪಿಡಿಎಫ್ ಇರಲಿ. ಅದನ್ನು ಗೂಗಲ್ ಡ್ರೈವ್‌ಗೆ, ಅಂದರೆ ನೆಟ್ಟಿನಲ್ಲಿ ನಿಮ್ಮ ಫೈಲುಗಳನ್ನು ಇಡುವ ಜಾಗಕ್ಕೆ ಹಾಕಿ. ಕಂಪ್ಯೂಟರಿನಲ್ಲಿ ಆ ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಓಪನ್ ವಿತ್' ಅನ್ನುವಲ್ಲಿ ಗೂಗಲ್ ಡಾಕ್ಸ್ ಆರಿಸಿ. ಚಿತ್ರದಲ್ಲಿದ್ದ ಕನ್ನಡ ಅಕ್ಷರಗಳು ತಿದ್ದಲು ಬರುವ ಪಠ್ಯವಾಗಿ ಕೆಳಗೆ ಕೂತಿರುತ್ತವೆ. ಉದ್ಧರಣೆಗೆ ಎರಡು ಪುಟ ಬೇಕು, ಮರುಮುದ್ರಣಕ್ಕೆ ಒಂದು ಹಳೆಯ ಲೇಖನ ಬೇಕು ಅಂದಾಗ ಇದು ಉಳಿಸುವ ಹೊತ್ತು ಅಷ್ಟಿಷ್ಟಲ್ಲ. ಡಿಟಿಪಿ ಅಂಗಡಿಗೆ ಕೊಟ್ಟು, ಪುಟಕ್ಕೆ ಇಷ್ಟು ಅಂತ ದುಡ್ಡು ತೆತ್ತು, ಬಂದ ಕರಡಿನ ತಪ್ಪು ತಿದ್ದುತ್ತಾ ಕೂರುವುದಕ್ಕೆ ಹೋಲಿಸಿ ನೋಡಿ.

ಒಳ್ಳೆಯ ಫಲ ಬೇಕೆಂದರೆ ಕೆಲವು ಮಾತು ನೆನಪಿಡಿ. ಪುಟ ನೇರವಾಗಿರಬೇಕು, ಬೆಳಕು ಒಂದೇ ಸಮ ಇರಬೇಕು, ನೆರಳು ಬೀಳಬಾರದು. ಫೈಲು 2 ಎಂಬಿ ಒಳಗಿದ್ದರೆ ಒಳ್ಳೆಯದು, ಗೂಗಲ್‌ನ ಸಲಹೆಯೂ ಅದೇ. ಪತ್ರಿಕೆಯ ಹಾಗೆ ಎರಡು ಮೂರು ಕಾಲಂ ಇದ್ದರೆ ಸಾಲುಗಳು ಒಂದರೊಳಗೊಂದು ಹೊಕ್ಕುಬಿಡುತ್ತವೆ, ಆದ್ದರಿಂದ ಒಂದೊಂದು ಕಾಲಂನ ಚಿತ್ರವನ್ನು ಕತ್ತರಿಸಿ ಬೇರೆ ಬೇರೆ ಹಾಕಿ. ಅನುಸ್ವಾರ ಮತ್ತು ಕನ್ನಡದ ಸೊನ್ನೆ ನೋಡಲು ಒಂದೇ ಥರ ಇರುವುದರಿಂದ ಅಲ್ಲಿ ತಪ್ಪಾಗುವುದು ಸಹಜ. ಒತ್ತಕ್ಷರ ಮಸುಕಾಗಿದ್ದರೆ ಅಲ್ಲೂ ತಪ್ಪು ಬರುತ್ತದೆ. ಒಂದು ಸಲ ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಓದಲೇಬೇಕು. ಹಾಗೆಯೇ, ಹಕ್ಕುಸ್ವಾಮ್ಯ ಇರುವ ಪುಸ್ತಕವನ್ನು ಹೀಗೆ ಎತ್ತಿ ಬಳಸುವುದಕ್ಕೆ ಅನುಮತಿ ಬೇಕು, ಸಾಧನ ಕೈಗೆ ಸಿಕ್ಕಿತು ಅಂತ ಆ ಜವಾಬ್ದಾರಿ ಹೋಗುವುದಿಲ್ಲ.

ಇನ್ನು ಸಂಪಾದಕರ ಜೊತೆಗಿನ ಓಡಾಟ. ಇಲ್ಲಿ ಡಾಕ್ಸ್ ನಿಜವಾಗಿ ಗೆಲ್ಲುತ್ತದೆ. 'ಸಜೆಸ್ಟಿಂಗ್' ಅನ್ನುವ ವಿಧಾನದಲ್ಲಿಟ್ಟು ಕೊಟ್ಟರೆ ಅವರು ತಿದ್ದಿದ್ದು ಬೇರೆ ಬಣ್ಣದಲ್ಲಿ ಕಾಣುತ್ತದೆ, ಒಪ್ಪಿದ್ದನ್ನು ಒಂದು ಒತ್ತಿನಲ್ಲಿ ಸೇರಿಸಿ, ಒಪ್ಪದ್ದಕ್ಕೆ ಅಲ್ಲೇ ಉತ್ತರ ಬರೆಯಬಹುದು. ಫೋನಿನಲ್ಲಿ ಅರ್ಧ ಗಂಟೆ 'ಮೂರನೇ ಪ್ಯಾರಾದ ಎರಡನೇ ಸಾಲು ನೋಡಿ ಸರ್' ಅನ್ನುವ ಮಾತುಕತೆ ಪೂರ್ತಿ ನಿಂತುಹೋಗುತ್ತದೆ. ಆದರೆ ಹೊಸ ಕ್ಲೈಂಟ್‌ಗೆ ಫೈಲು ಹಂಚುವಾಗ 'ಎಡಿಟರ್' ಅಧಿಕಾರ ಕೊಡಬೇಡಿ, 'ಕಮೆಂಟರ್' ಕೊಡಿ. ಸಾಕು. ಅವರು ಸಲಹೆ ಕೊಡಬಹುದು, ಮೂಲವನ್ನು ಅಳಿಸಲಾರರು. ಮಾದರಿ ತುಣುಕು ತೋರಿಸುವಾಗ ಡೌನ್‌ಲೋಡ್, ಪ್ರಿಂಟ್, ಕಾಪಿ ಮಾಡುವುದನ್ನು ತಡೆಯುವ ಆಯ್ಕೆಯೂ ಹಂಚಿಕೆಯ ಸೆಟ್ಟಿಂಗ್‌ನಲ್ಲಿದೆ. ಅದು ಪೂರ್ತಿ ಭದ್ರ ಅಲ್ಲ, ಸ್ಕ್ರೀನಿನ ಚಿತ್ರ ತೆಗೆಯುವವರನ್ನು ಯಾರೂ ತಡೆಯಲಾಗದು, ಆದರೂ ಸುಮ್ನೆ ಎತ್ತಿ ಅಂಟಿಸಿಕೊಳ್ಳುವುದಕ್ಕೆ ತಡೆ ಬೀಳುತ್ತದೆ.

ಹಳೆಯ ರೂಪಗಳನ್ನು ಇದು ತಾನೇ ಕಾಪಾಡುತ್ತದೆ. ಫೈಲ್ ಮೆನುವಿನ 'ವರ್ಷನ್ ಹಿಸ್ಟರಿ'ಯಲ್ಲಿ ಯಾವತ್ತು ಏನಿತ್ತು ಅಂತ ನೋಡಬಹುದು. ಇಷ್ಟೇ ಆಗಿದ್ದರೆ ನಾನು ಇದನ್ನು ಇಷ್ಟು ಹೊಗಳುತ್ತಿರಲಿಲ್ಲ. ಆ ರೂಪಕ್ಕೆ ಹೆಸರಿಡಬಹುದಲ್ಲ, ಅದು ಮುಖ್ಯ. 'ಸಂಪಾದಕರಿಗೆ ಕಳಿಸಿದ್ದು', 'ಅವರು ತಿದ್ದಿದ ಮೇಲೆ', 'ಅಚ್ಚಿಗೆ ಹೋದದ್ದು' ಅಂತ ಹೆಸರು ಕೊಟ್ಟಿಟ್ಟರೆ, ಎರಡು ತಿಂಗಳ ಮೇಲೆ ಯಾರೋ 'ಮೊದಲಿನ ಆರಂಭವೇ ಚೆನ್ನಾಗಿತ್ತು, ಅದನ್ನೇ ಕೊಡಿ' ಅಂದಾಗ ಹುಡುಕಾಟವೇ ಇಲ್ಲ. ಫೈನಲ್ ಮೇಲೆ ಫೈನಲ್ ಸೇರಿಸುತ್ತಾ ಹೋಗುವ ಕಾಟವೂ ಇಲ್ಲ. ಒಂದು ಬರಹಕ್ಕೆ ಒಂದೇ ಫೈಲು.

ಕೆಲವು ಕ್ಲೈಂಟ್‌ಗಳು ತಮ್ಮದೇ ಫೈಲು ಹಂಚಿ ಅದರಲ್ಲೇ ಬರೆಯಿರಿ ಅನ್ನುತ್ತಾರೆ. ಬರೆಯಿರಿ, ತೊಂದರೆ ಇಲ್ಲ. ಆದರೆ ಆ ಫೈಲಿನ ಯಜಮಾನಿಕೆ ಅವರದು. ನಾಳೆ ಅವರು ನಿಮ್ಮ ಹೆಸರು ತೆಗೆದರೆ ನಿಮ್ಮ ಬರಹ ನಿಮಗೇ ತೆರೆಯುವುದಿಲ್ಲ. ಕರಾರು ಅಡ್ಡಿ ಮಾಡದಿದ್ದರೆ ಒಂದು ಪ್ರತಿ ನಿಮ್ಮ ಡ್ರೈವಿನಲ್ಲಿ ಇರಲೇಬೇಕು, ಬಿಲ್ಲಿನ ವಿಷಯದಲ್ಲಿ ಮಾತು ಬೆಳೆದಾಗ ಕೊಟ್ಟ ಕೆಲಸಕ್ಕೆ ಅದೇ ಸಾಕ್ಷಿ.

2024ರಿಂದ ಒಂದೇ ಫೈಲಿನೊಳಗೆ ಟ್ಯಾಬ್‌ಗಳನ್ನು ಮಾಡಬಹುದು. ನನ್ನ ಮಟ್ಟಿಗೆ ಈಚಿನ ವರ್ಷಗಳಲ್ಲಿ ಬಂದ ಅತಿ ಒಳ್ಳೆಯ ಬದಲಾವಣೆ ಇದು. ಒಂದು ಪುಸ್ತಕಕ್ಕೆ ಒಂದು ಫೈಲು, ಅಧ್ಯಾಯಕ್ಕೊಂದು ಟ್ಯಾಬು, ಕೊನೆಗೆ ಟಿಪ್ಪಣಿಗೊಂದು, ಅನುಮಾನ ಇರುವ ಪದಗಳಿಗೊಂದು. ಹಿಂದೆ ಹತ್ತು ಕಿಟಕಿ ತೆರೆದಿಟ್ಟು ಒಂದರಿಂದ ಇನ್ನೊಂದಕ್ಕೆ ನೆಗೆಯಬೇಕಿತ್ತು. ಈಗ ಎಡಗಡೆ ಪಟ್ಟಿ, ಒತ್ತಿದರೆ ಮುಗಿಯಿತು. ಆದರೆ ಎಚ್ಚರ: ಹಂಚಿಕೊಂಡರೆ ಇಡೀ ಫೈಲು ಹೋಗುತ್ತದೆ, ಒಂದು ಟ್ಯಾಬನ್ನು ಮಾತ್ರ ಮುಚ್ಚಿಡಲು ಬರುವುದಿಲ್ಲ. ಆದ್ದರಿಂದ ದರದ ಲೆಕ್ಕ, ಕ್ಲೈಂಟ್ ಬಗ್ಗೆ ನಿಮ್ಮ ಸ್ವಂತ ಟಿಪ್ಪಣಿ, ಇನ್ನೊಬ್ಬರ ಕೆಲಸ, ಇವನ್ನು ಆ ಫೈಲಿನಲ್ಲಿ ಇಡಲೇಬೇಡಿ.

ಹುಡುಕುವುದರಲ್ಲಿ ಮಾತ್ರ ಕನ್ನಡಕ್ಕೆ ಅನ್ಯಾಯ ಆಗಿದೆ. ನಮ್ಮ ಭಾಷೆಯಲ್ಲಿ ಪದ ಒಂದೇ ರೂಪದಲ್ಲಿ ನಿಲ್ಲುವುದಿಲ್ಲ ಅಲ್ವಾ. 'ಬೆಂಗಳೂರು' ಅಂತ ಫೈಲಿನಲ್ಲಿ ಹುಡುಕಿದರೆ 'ಬೆಂಗಳೂರಿನ', 'ಬೆಂಗಳೂರಿಗೆ', 'ಬೆಂಗಳೂರಲ್ಲಿ' ಯಾವುದೂ ಸಿಗುವುದಿಲ್ಲ, ಅದು ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಕಾದಂಬರಿಯಲ್ಲಿ ಒಂದು ಪಾತ್ರದ ಹೆಸರು ಬದಲಿಸಬೇಕು ಅಂದುಕೊಳ್ಳಿ. ಗೋಪಾಲನನ್ನು ಶಂಕರ ಮಾಡುವುದು ಸುಲಭ, ಎರಡೂ ಅಕಾರದಲ್ಲಿ ಮುಗಿಯುತ್ತವೆ, ಗೋಪಾಲನಿಗೆ ಹೋಗಿ ಶಂಕರನಿಗೆ ಆಗುತ್ತದೆ. ಗೋಪಾಲನನ್ನು ರವಿ ಮಾಡಿದರೆ? ರವಿನಿಗೆ, ರವಿನನ್ನು ಅಂತ ಪುಟ ತುಂಬ ಕಸ. ಒಂದೊಂದು ರೂಪವನ್ನೂ ಬೇರೆ ಬೇರೆಯಾಗಿ ಬದಲಿಸಬೇಕು, ಒಟ್ಟಿಗೆ ಎಲ್ಲ ಬದಲಿಸುವ ಗುಂಡಿಯನ್ನು ಒತ್ತಲೇಬಾರದು. ಇದರ ಜೊತೆ 'ಸಾಫ್ಟ್‌ವೇರ್' ಥರದ ಪದಗಳಲ್ಲಿ ಅಕ್ಷರಗಳು ಒತ್ತಾಗಿ ಸೇರದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಹಾಕದೆ ಟೈಪು ಮಾಡಿದರೆ ಅವು ಎರಡು ಬೇರೆ ಪದಗಳಾಗುತ್ತವೆ. ಇಬ್ಬರು ಮೂವರು ಸೇರಿ ಮಾಡಿದ ಅನುವಾದದಲ್ಲಿ ಇದನ್ನು ಗಮನಿಸಲೇಬೇಕು.

ಕಾಗುಣಿತ ತಿದ್ದಲು ಡಾಕ್ಸ್ ಅನ್ನು ನಂಬಿ ಕೂರಬೇಡಿ. ಇಂಗ್ಲಿಷಿಗೆ ಅದು ಕೊಡುವ ನೆರವು ಕನ್ನಡಕ್ಕೆ ಇಲ್ಲ. ನಾನು ಮಾಡುವುದು ಎರಡು ಕೆಲಸ. ಕೊನೆಯ ಓದಿಗೆ ಫಾಂಟ್ ಬದಲಿಸುತ್ತೇನೆ. ಫಾಂಟ್ ಪಟ್ಟಿಯಲ್ಲಿ 'ಮೋರ್ ಫಾಂಟ್ಸ್' ಒತ್ತಿ ಲಿಪಿ ಕನ್ನಡ ಅಂತ ಆರಿಸಿದರೆ ನೋಟೋ ಸ್ಯಾನ್ಸ್, ನೋಟೋ ಸೆರಿಫ್, ತಿರೋ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ಹುಬ್ಬಳ್ಳಿ, ಬೆಣ್ಣೆ ಹೀಗೆ ಸಾಕಷ್ಟು ಸಿಗುತ್ತವೆ. ಬರೆಯುವಾಗ ನೋಟೋ ಸ್ಯಾನ್ಸ್, ತಿದ್ದುವಾಗ ತಿರೋ. ಅಕ್ಷರದ ರೂಪ ಬದಲಾದಾಗ ಕಣ್ಣು ಓಡದೆ ನಿಲ್ಲುತ್ತದೆ. ಎರಡನೆಯದು, ಆಂಡ್ರಾಯ್ಡ್ ಫೋನಿನಲ್ಲಿ ಆಯ್ದ ಪಠ್ಯವನ್ನು ಓದಿ ಹೇಳುವ ಸೌಲಭ್ಯ ಕನ್ನಡಕ್ಕೂ ಇದೆ, ಅದನ್ನು ಹಾಕಿ ಕೇಳುವುದು. ದನಿ ಯಂತ್ರದ್ದೇ. ಆದರೆ ಬಿಟ್ಟುಹೋದ ಪದ, ಎರಡು ಸಲ ಬಂದ ಪದ ಕಿವಿಗೆ ತಪ್ಪದೆ ಸಿಗುತ್ತವೆ.

ಪದಗಳ ಲೆಕ್ಕದ ಬಗ್ಗೆ ಒಂದು ಮಾತು ಹೇಳದೆ ಹೋದರೆ ಅನುವಾದಕರಿಗೆ ಅನ್ಯಾಯ. ಕಂಟ್ರೋಲ್, ಶಿಫ್ಟ್, ಸಿ ಒತ್ತಿದರೆ ಎಷ್ಟು ಪದ ಅಂತ ತೋರಿಸುತ್ತದೆ, ಬರೆಯುತ್ತಿರುವಾಗಲೇ ಮೂಲೆಯಲ್ಲಿ ಕಾಣುವ ಹಾಗೂ ಇಡಬಹುದು. ಲೆಕ್ಕ ಸರಿಯಾಗಿಯೇ ಇರುತ್ತದೆ. ಆದರೆ ಕನ್ನಡದಲ್ಲಿ ವಿಭಕ್ತಿ, ಸಂಧಿ ಎಲ್ಲ ಒಂದೇ ಪದಕ್ಕೆ ಅಂಟಿಕೊಳ್ಳುವುದರಿಂದ ಇಂಗ್ಲಿಷಿನ ಸಾವಿರ ಪದ ಕನ್ನಡಕ್ಕೆ ಬಂದಾಗ ಪದಗಳ ಸಂಖ್ಯೆ ಸಾಮಾನ್ಯವಾಗಿ ಇಳಿಯುತ್ತದೆ. ದುಡಿಮೆ ಇಳಿಯುವುದಿಲ್ಲ, ಲೆಕ್ಕ ಇಳಿಯುತ್ತದೆ. ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡುವಾಗ ದರವನ್ನು ಮೂಲದ ಪದಗಳ ಮೇಲೆ ಒಪ್ಪಿಕೊಳ್ಳಿ, ಕೆಲಸ ಶುರು ಮಾಡುವ ಮೊದಲೇ ಮೇಲ್‌ನಲ್ಲಿ ಬರೆಸಿಕೊಳ್ಳಿ. ಮೂಲ ಫೈಲನ್ನು ಡಾಕ್ಸ್‌ನಲ್ಲಿ ತೆರೆದು ಇಬ್ಬರೂ ಒಂದೇ ಸಂಖ್ಯೆ ನೋಡಿದರೆ ಆಮೇಲೆ ವಾದ ಇರುವುದಿಲ್ಲ.

ಡಾಕ್ಸ್ ಜೊತೆಗೇ ಲೆಕ್ಕದ ಹಾಳೆ ಮಾಡುವ ಶೀಟ್ಸ್ ಬರುತ್ತದೆ, ಅದನ್ನು ಬಿಟ್ಟು ಈ ವಿಮರ್ಶೆ ಪೂರ್ತಿ ಆಗುವುದಿಲ್ಲ. ನಾಲ್ಕು ಕಡೆ ಕೆಲಸ ಮಾಡುವವರಿಗೆ ಬೇಕಾದ್ದು ದೊಡ್ಡ ದೊಡ್ಡ ಆ್ಯಪ್‌ಗಳಲ್ಲ, ಒಂದು ಹಾಳೆ. ಯಾರಿಗೆ, ಏನು, ಎಷ್ಟು ಪದ, ಏನು ದರ, ಯಾವತ್ತು ಕೊಡಬೇಕು, ಯಾವತ್ತು ಕೊಟ್ಟೆ, ಬಿಲ್ಲು ಯಾವತ್ತು ಹೋಯಿತು, ದುಡ್ಡು ಯಾವತ್ತು ಬಂತು, ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ) ಎಷ್ಟು ಕಡಿದರು. ಕಂಡೀಷನಲ್ ಫಾರ್ಮ್ಯಾಟಿಂಗ್ ಹಾಕಿ, ಬಿಲ್ಲು ಕಳಿಸಿ 30 ದಿನ ಆದರೂ ದುಡ್ಡಿನ ಅಂಕಣ ಖಾಲಿ ಇದ್ದರೆ ಸಾಲು ಕೆಂಪಾಗುವಂತೆ ಮಾಡಿಟ್ಟುಕೊಳ್ಳಿ. ಬೆಳಿಗ್ಗೆ ತೆರೆದಾಗ ಯಾರಿಗೆ ಮೇಲ್ ಬರೆಯಬೇಕು ಅಂತ ಬಣ್ಣವೇ ಹೇಳುತ್ತದೆ. ದುಡ್ಡು ಕೇಳುವುದು ಸಂಕೋಚದ ಕೆಲಸ ಅಂತ ನಾವು ಮುಂದೂಡುತ್ತಾ ಹೋಗುತ್ತೇವೆ. ಪಟ್ಟಿಯಲ್ಲಿ ಕಂಡರೆ ಅದೂ ಬೇರೆ ಕೆಲಸಗಳ ಹಾಗೆ ಒಂದು ಕೆಲಸ ಆಗುತ್ತದೆ, ಅಷ್ಟೇ.

ಟಿಡಿಎಸ್ ಅಂಕಣ ಯಾಕೆ ಅಂತ ಹೊಸಬರು ಕೇಳುತ್ತಾರೆ. ಕಂಪನಿಗಳು ವೃತ್ತಿಪರ ಶುಲ್ಕ ಕೊಡುವಾಗ ಸಾಮಾನ್ಯವಾಗಿ 10% ಹಿಡಿದುಕೊಂಡು ಉಳಿದದ್ದು ಕೊಡುತ್ತವೆ. 2025ರ ಏಪ್ರಿಲ್‌ನಿಂದ ಒಬ್ಬರಿಂದ ವರ್ಷಕ್ಕೆ ಬರುವ ಮೊತ್ತ 50,000 ರೂಪಾಯಿ ದಾಟಿದರೆ ಈ ಕಡಿತ. ಅದಕ್ಕೂ ಮೊದಲು 30,000 ಇತ್ತು. ಪ್ಯಾನ್ ಕೊಡದಿದ್ದರೆ 20% ಹೋಗುತ್ತದೆ. ಹಿಡಿದ ದುಡ್ಡು ಕಳೆದುಹೋದದ್ದಲ್ಲ, ನಿಮ್ಮ ಹೆಸರಿಗೆ ಜಮಾ ಆಗಿರಬೇಕು, ರಿಟರ್ನ್ಸ್ ಹಾಕಿದಾಗ ನಿಮ್ಮ ತೆರಿಗೆಗೆ ಹೊಂದಿಸಿ ಉಳಿದದ್ದು ವಾಪಸ್ ಬರುತ್ತದೆ. ಆದರೆ ಅವರು ನಿಜವಾಗಿ ಕಟ್ಟಿದ್ದಾರಾ ಅಂತ ಆದಾಯ ತೆರಿಗೆ ಇಲಾಖೆಯ ತಾಣದಲ್ಲಿ ನಮ್ಮ ಪಟ್ಟಿ ಜೊತೆ ಇಟ್ಟು ನೋಡಬೇಕು. ಹಾಳೆಯಲ್ಲಿ ಬರೆದಿಟ್ಟವರಿಗೆ ಅದು ಹತ್ತು ನಿಮಿಷದ ಕೆಲಸ. ಬರೆದಿಡದವರು ರಿಟರ್ನ್ಸ್ ಹಾಕುವ ಹೊತ್ತಿಗೆ ಒಂದು ವರ್ಷದ ಬ್ಯಾಂಕ್ ಪುಸ್ತಕ ಹಿಡಿದು ಕೂರಬೇಕಾಗುತ್ತದೆ.

ಇನ್ನೊಂದು ಹಾಳೆ ಪದಪಟ್ಟಿಗೆ. ಒಬ್ಬ ಕ್ಲೈಂಟ್‌ಗೆ 'ಬಳಕೆದಾರ' ಬೇಕು, ಇನ್ನೊಬ್ಬರಿಗೆ 'ಗ್ರಾಹಕ'. ಒಬ್ಬರು 'ಲಾಗಿನ್' ಅನ್ನುತ್ತಾರೆ, ಇನ್ನೊಬ್ಬರು 'ಪ್ರವೇಶಿಸಿ'. ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಳ್ಳುವುದು ಬೇಡ.

ಮಲೆನಾಡಿನ ಕಡೆ ಇರುವವರಿಗೆ ನೆಟ್ಟಿನ ಚಿಂತೆ ಇದ್ದೇ ಇದೆ. ಜೂನ್‌ನಲ್ಲಿ ಗಾಳಿ ಶುರುವಾದರೆ ಕರೆಂಟು ಹೋಗುತ್ತದೆ, ಅದರ ಹಿಂದೆ ಟವರೂ ಹೋಗುತ್ತದೆ. ಡಾಕ್ಸ್ ಆಫ್‌ಲೈನ್ ಕೆಲಸ ಮಾಡುತ್ತದೆ, ಆದರೆ ತಾನಾಗಿ ಅಲ್ಲ. ಕ್ರೋಮ್‌ನಲ್ಲಿ ಅದರ ಆಫ್‌ಲೈನ್ ಎಕ್ಸ್‌ಟೆನ್ಷನ್ ಇರಬೇಕು, ಡ್ರೈವಿನ ಸೆಟ್ಟಿಂಗ್‌ನಲ್ಲಿ ಒಪ್ಪಿಗೆ ಕೊಟ್ಟಿರಬೇಕು, ಬೇಕಾದ ಫೈಲನ್ನು ಆಫ್‌ಲೈನ್ ಸಿಗುವಂತೆ ಗುರುತು ಮಾಡಿರಬೇಕು. ಇದನ್ನೆಲ್ಲ ನೆಟ್ ಇರುವಾಗಲೇ ಮಾಡಿಟ್ಟರೆ, ಮಳೆಯಲ್ಲೂ ಬರೆಯುತ್ತಾ ಹೋಗಬಹುದು, ನೆಟ್ ಬಂದಾಗ ತಾನೇ ಸೇರಿಕೊಳ್ಳುತ್ತದೆ. ಬಾಯಲ್ಲಿ ಹೇಳಿ ಬರೆಸುವುದು ಮಾತ್ರ ನೆಟ್ ಇಲ್ಲದೆ ಆಗುವುದಿಲ್ಲ.

ಈಗ ಅಚ್ಚಿನ ವಿಷಯ. ಕನ್ನಡದ ಎಷ್ಟೋ ಪ್ರಕಾಶಕರು, ಡಿಟಿಪಿಯವರು, ಸಣ್ಣ ಪತ್ರಿಕೆಗಳು ಇವತ್ತಿಗೂ 'ನುಡಿ' ಅಥವಾ 'ಬರಹ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲೇ ಪುಟ ಕಟ್ಟುತ್ತಾರೆ. ಪುಟ ಕಟ್ಟಲು ಪೇಜ್‌ಮೇಕರ್ ಅನ್ನುವ ಹಳೆಯ ತಂತ್ರಾಂಶ ಬಳಸುವವರೂ ಇದ್ದಾರೆ, ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಆ ಹಳೆಯ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಡಾಕ್ಸ್ ಬರೆಯುವುದು ಯುನಿಕೋಡ್‌ನಲ್ಲಿ, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಜಾಗ ಇರುವ, ಎಲ್ಲ ಕಡೆಯೂ ಒಂದೇ ಆದ ಕ್ರಮದಲ್ಲಿ. ನಾವು ಕಳಿಸಿದ್ದು ಅವರಿಗೆ ಅರ್ಥವಾಗದ ಚೌಕಗಳಾಗಿ ಕಾಣುತ್ತದೆ, ಅವರು ಕಳಿಸಿದ ನುಡಿ ಫೈಲನ್ನು ನಾವು ಡಾಕ್ಸ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ನಮ್ಮ ಕಂಪ್ಯೂಟರಿನಲ್ಲಿ ನುಡಿ ಫಾಂಟ್ ಇದ್ದರೂ ಪ್ರಯೋಜನ ಇಲ್ಲ, ಡಾಕ್ಸ್ ತನ್ನ ಬಳಿ ಇರುವ ಫಾಂಟ್‌ಗಳನ್ನು ಮಾತ್ರ ಬಳಸುತ್ತದೆ.

ಪರಿವರ್ತಕಗಳಿವೆ, ಪುಕ್ಕಟೆಯೇ ಸಿಗುತ್ತವೆ, ಕೆಲಸವನ್ನೂ ಮಾಡುತ್ತವೆ. ಆದರೆ ಪರಿವರ್ತನೆ ಆದ ಮೇಲೆ ಇನ್ನೊಂದು ಕರಡು ತಿದ್ದುವ ಸುತ್ತು ಬೇಕೇ ಬೇಕು. ಅರ್ಕಾವತ್ತು, ಮೂರು ವ್ಯಂಜನ ಸೇರಿದ ಒತ್ತುಗಳು ಹಾಳಾಗಿರಬಹುದು. ಬರಹದ ನಡುವೆ ಇಂಗ್ಲಿಷ್ ಪದ ಇದ್ದರೆ ಅದು ಹಳೆಯ ಫಾಂಟಿನಲ್ಲಿ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗುತ್ತದೆ. ಇಷ್ಟು ಹೊತ್ತು ಉಳಿಸಿದ್ದೆಲ್ಲ ಇಲ್ಲಿ ಸ್ವಲ್ಪ ಸೋರಿಹೋಗುತ್ತದೆ, ನಿಜ. ಇದು ಡಾಕ್ಸ್‌ನ ತಪ್ಪು ಅಂತ ನಾನು ಹೇಳುವುದಿಲ್ಲ. ಯುನಿಕೋಡ್ ಕಡೆಗೆ ಹೋಗಬೇಕಾದ್ದು ಅಚ್ಚಿನವರು. ಪುಟ ಕಟ್ಟುವ ಇನ್‌ಡಿಸೈನ್ ತಂತ್ರಾಂಶದ ಹೊಸ ಆವೃತ್ತಿ ಯುನಿಕೋಡ್ ಕನ್ನಡವನ್ನು ಚೆನ್ನಾಗಿ ತೋರಿಸುತ್ತದೆ, ನೆಪ ಉಳಿದಿಲ್ಲ. ಅಲ್ಲಿಯವರೆಗೆ, ಕೆಲಸ ಒಪ್ಪುವಾಗಲೇ 'ನಾನು ಯುನಿಕೋಡ್‌ನಲ್ಲಿ ಕೊಡುತ್ತೇನೆ, ಪರಿವರ್ತನೆ ಮತ್ತು ಅದರ ನಂತರದ ಕರಡು ನಿಮ್ಮ ಜವಾಬ್ದಾರಿ, ಇಲ್ಲವಾದರೆ ಅದಕ್ಕೆ ಬೇರೆ ದರ' ಅಂತ ಬರೆದು ಕಳಿಸಿ. ನಾನು ಹಾಗೇ ಮಾಡುತ್ತೇನೆ. ಬಹುತೇಕ ಪ್ರಕಾಶಕರು ಒಪ್ಪುತ್ತಾರೆ.

ಗುಟ್ಟು ಕಾಯುವ ಕರಾರಿಗೆ ಸಹಿ ಹಾಕಿದ ಕೆಲಸಗಳಲ್ಲಿ ಕ್ಲೌಡಿನಲ್ಲಿ, ಅಂದರೆ ನೆಟ್ಟಿನ ಮೇಲಿನ ಬೇರೆಯವರ ಕಂಪ್ಯೂಟರಿನಲ್ಲಿ ಇಡಬಾರದು ಅಂತ ಷರತ್ತು ಇರಬಹುದು. ಓದಿ ನೋಡಿ. ಇದ್ದರೆ ಡಾಕ್ಸ್ ಬೇಡ, ಲಿಬ್ರೆಆಫೀಸ್ ಹಾಕಿಕೊಳ್ಳಿ. ಅದೂ ಪುಕ್ಕಟೆ, ಕನ್ನಡ ಚೆನ್ನಾಗಿಯೇ ಬರುತ್ತದೆ, ಎಲ್ಲವೂ ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಒಟ್ಟಿಗೆ ಕೂತು ತಿದ್ದುವ ಸುಖ ಅದರಲ್ಲಿ ಇಲ್ಲ.

ಖರ್ಚಿನ ಮಾತು. 15 ಜಿಬಿ ಜಾಗ ಪುಕ್ಕಟೆ, ಆದರೆ ಅದು ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. 2021ರ ಜೂನ್ 1ರಿಂದ ಹೊಸದಾಗಿ ಮಾಡಿದ ಡಾಕ್ಸ್ ಫೈಲುಗಳೂ ಆ ಲೆಕ್ಕಕ್ಕೆ ಸೇರುತ್ತವೆ. ಬರೀ ಬರಹದಿಂದ ಅದು ತುಂಬುವುದು ಕಷ್ಟ. ತುಂಬಿಸುವುದು ಮದುವೆಯ ವೀಡಿಯೋಗಳು, ಫೋನಿನ ಫೋಟೋಗಳು. ಕೆಲಸಕ್ಕೆ ಒಂದು ಬೇರೆಯ ಖಾತೆ ಮಾಡಿಕೊಂಡುಬಿಟ್ಟರೆ ಈ ಚಿಂತೆಯೇ ಇಲ್ಲ, ಮನೆಯ ಮೇಲ್‌ಗಳ ನಡುವೆ ಸಂಪಾದಕರ ಮೇಲ್ ಕಳೆದುಹೋಗುವುದೂ ತಪ್ಪುತ್ತದೆ. ಆದರೆ ಆ ಖಾತೆಯನ್ನು ಎರಡು ವರ್ಷ ಮುಟ್ಟದೆ ಬಿಟ್ಟರೆ ಗೂಗಲ್ ಅದನ್ನು ಅಳಿಸಿಹಾಕಬಹುದು, ಅವರ ನಿಯಮವೇ ಹಾಗಿದೆ. ನಡುವೆ ಕೆಲಸ ನಿಲ್ಲಿಸಿದವರು, ಹೆರಿಗೆ ರಜೆಯ ನಂತರ ಬೇರೆ ನೌಕರಿ ಹಿಡಿದವರು ಇದನ್ನು ಮರೆಯಬೇಡಿ.

ಯಾವುದನ್ನೂ ಒಂದೇ ಜಾಗದಲ್ಲಿ ಬಿಡಬೇಡಿ. ಗೂಗಲ್ ಟೇಕ್‌ಔಟ್ ಅನ್ನುವ ಪುಟಕ್ಕೆ ಹೋಗಿ ಡ್ರೈವ್ ಆರಿಸಿದರೆ ಇಡೀ ಬರಹದ ರಾಶಿ ವರ್ಡ್ ಫೈಲುಗಳಾಗಿ ಇಳಿಯುತ್ತದೆ, ಎರಡು ತಿಂಗಳಿಗೊಮ್ಮೆ ತಾನಾಗಿ ಕಟ್ಟಿ ಕಳಿಸುವಂತೆ ಒಂದು ವರ್ಷದ ಮಟ್ಟಿಗೆ ಹೊಂದಿಸಲೂಬಹುದು. ಒಂದು ಪೆನ್‌ಡ್ರೈವ್ ಅದಕ್ಕೆಂದೇ ಎತ್ತಿಡಿ.